ಮರಣೋತ್ತರ ಪರೀಕ್ಷೆಯಲ್ಲಿ ಹೊರತೆಗೆದ ಮೆದುಳನ್ನು ತಕ್ಷಣ ಕತ್ತರಿಸದೆ ವಾರಗಟ್ಟಲೆ ಇಡುವುದೇಕೆ?

ಹಸಿ ಮೆದುಳು ತುಂಬಾ ಮೆತ್ತಗಿರುತ್ತದೆ, ಅದಕ್ಕೇ. ಹೆಚ್ಚುಕಡಿಮೆ ಗಿಣ್ಣಿನ ಹದ ಎನ್ನಿ. ಚಾಕು ಇಟ್ಟರೆ ಆಕಾರ ಕೆಡುತ್ತದೆ, ಸಣ್ಣ ರಕ್ತಸ್ರಾವದ ಗುರುತುಗಳು ಕಲಸಿಹೋಗುತ್ತವೆ.

ಹಾಗಾಗಿ ಇಡೀ ಮೆದುಳನ್ನು ಸಾಮಾನ್ಯವಾಗಿ ಎರಡು-ಮೂರು ವಾರ ಫಾರ್ಮಲಿನ್ ದ್ರಾವಣದಲ್ಲಿ ಮುಳುಗಿಸಿಡುತ್ತಾರೆ. ಅದರಲ್ಲಿರುವ ಫಾರ್ಮಾಲ್ಡಿಹೈಡ್ ಪಕ್ಕಪಕ್ಕದ ಪ್ರೋಟೀನುಗಳನ್ನು ಒಂದಕ್ಕೊಂದು ಹೆಣೆದುಬಿಡುತ್ತದೆ. ಬೇಯಿಸಿದ ಮೊಟ್ಟೆ ಗಟ್ಟಿಯಾದಂತೆ ಮೆದುಳೂ ಗಟ್ಟಿಯಾಗುತ್ತದೆ. ಕಾರಣ ಮಾತ್ರ ಶಾಖವಲ್ಲ. ಕೊಳೆಯುವುದೂ ನಿಲ್ಲುತ್ತದೆ. ಸುಮಾರು 1,300–1,400 ಗ್ರಾಂ ತೂಗುವ ಅಂಗದ ನಡುಭಾಗಕ್ಕೆ ದ್ರಾವಣ ನಿಧಾನವಾಗಿ ಇಳಿಯುವುದರಿಂದಲೇ ಇಷ್ಟು ದಿನ ಬೇಕು.

ಪಾತ್ರೆಯ ತಳಕ್ಕೆ ತಾಗಿದರೆ ಮೆದುಳು ಚಪ್ಪಟೆಯಾಗುತ್ತದೆ. ಅದಕ್ಕೆ ಬುಡದಲ್ಲಿರುವ ಬೇಸಿಲಾರ್ ಎಂಬ ರಕ್ತನಾಳದ ಅಡಿಯಿಂದ ದಾರ ತೂರಿಸಿ, ತಲೆಕೆಳಗಾಗಿ ತೇಲುವಂತೆ ತೂಗುಹಾಕುತ್ತಾರೆ. ಇಷ್ಟು ಸರಳ ಉಪಾಯ ನನಗೆ ಈಗಲೂ ಬೆರಗು ಹುಟ್ಟಿಸುತ್ತದೆ.

ಆಮೇಲೆ ಸುಮಾರು ಒಂದು ಸೆಂಟಿಮೀಟರ್ ದಪ್ಪದ ಹೋಳುಗಳಾಗಿ ಕೊಯ್ದು ಎಡಬಲ ಹೋಲಿಸುತ್ತಾರೆ, ಅನುಮಾನದ ಜಾಗದ ತುಣುಕುಗಳನ್ನು ಸೂಕ್ಷ್ಮದರ್ಶಕಕ್ಕೆ ಕಳಿಸುತ್ತಾರೆ.

ಆದರೆ ಎಲ್ಲ ಸಲವೂ ಕಾಯಲಾಗುವುದಿಲ್ಲ. ದೇಹವನ್ನು ಬೇಗ ಮನೆಯವರಿಗೆ ಒಪ್ಪಿಸಬೇಕಾದಾಗ ಹಸಿಯಾಗಿಯೇ ಕತ್ತರಿಸುವುದುಂಟು. ಸೋಂಕಿನ ಅನುಮಾನವಿದ್ದರೆ ಫಾರ್ಮಲಿನ್‌ಗೆ ಹಾಕುವ ಮೊದಲೇ ಮಾದರಿ ತೆಗೆಯಬೇಕು, ಯಾಕೆಂದರೆ ಅದು ರೋಗಾಣುಗಳನ್ನು ಕೊಲ್ಲುತ್ತದೆ.

ಹೀಗೆ ಕಾಪಿಟ್ಟ ಮೆದುಳುಗಳನ್ನು ಕಣ್ಣಾರೆ ನೋಡಬೇಕೆಂದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೆದುಳಿನ ಸಂಗ್ರಹಾಲಯವಿದೆ.