ಮಿಡತೆ ತಿಂದ ವರ್ಷಗಳು: ಓದುಗರ ಬೈಬಲ್ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ನಮ್ಮ ಕಾಫಿ ತೋಟ, ಮನೆ ಎರಡೂ ಹೋದವು. ಪ್ರಾರ್ಥನಾ ಕೂಟಕ್ಕೆ ಬಂದವರು ಯೋವೇಲ 2:25 ಓದಿ, ‘ಕಳೆದದ್ದಕ್ಕೆ ಎರಡರಷ್ಟು ದೇವರು ಕೊಡುತ್ತಾರೆ’ ಎನ್ನುತ್ತಾರೆ. ಆ ವಚನದಲ್ಲಿ ಹಾಗಿದೆಯೇ?
– ಓದುಗರು, ಮಕ್ಕಂದೂರು

ಉತ್ತರ: ‘ಎರಡರಷ್ಟು’ ಅಲ್ಲಿಲ್ಲ. ಮಿಡತೆಗಳು ತಿಂದುಬಿಟ್ಟ ವರ್ಷಗಳ ನಷ್ಟ ತುಂಬಿಕೊಡುವೆನು ಎಂದಷ್ಟೇ ಇದೆ, ಅದೂ ಇಡೀ ಚೀಯೋನಿನ (ಯೆರೂಸಲೇಮಿನ) ಜನಕ್ಕೆ ಹೇಳಿದ್ದು. 12ನೇ ವಚನದಿಂದ ಓದಿಕೊಂಡು ಬನ್ನಿ. ಮೊದಲು ಉಪವಾಸ, ಅಳು, ಬಟ್ಟೆಯನ್ನಲ್ಲ ಹೃದಯವನ್ನು ಹರಿದುಕೊಳ್ಳಿ ಎಂಬ ಕರೆ. 23ರಲ್ಲಿ ಮಳೆ, 24ರಲ್ಲಿ ತುಂಬಿದ ಕಣ. 25 ಬರುವುದು ಇಷ್ಟಾದ ಮೇಲೆ. ಹಾಗೆಂದು, ನಿಮ್ಮ ಪಾಪಕ್ಕೇ ಗುಡ್ಡ ಜರಿಯಿತು ಎನ್ನುವವರಿಗೆ ಕಿವಿಗೊಡಬೇಡಿ. ಆಸ್ತಿ, ಮಕ್ಕಳು ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರೂ ಅದೇ ವಾದ ಹೂಡಿದ್ದರು. ಯೋಬ 42:7ರಲ್ಲಿ ದೇವರ ಕೋಪ ಅವರ ಮೇಲೆಯೇ ತಿರುಗಿತು.

‘ಎರಡರಷ್ಟು’ ಬಂದಿರುವುದು ಬಹುಶಃ ಆ ಯೋಬ 42ರಿಂದಲೇ. 7,000 ಕುರಿ 14,000 ಆದವು, 3,000 ಒಂಟೆ 6,000. ಮಕ್ಕಳು ಮಾತ್ರ ಮೊದಲಿನಷ್ಟೇ: ಏಳು ಗಂಡು, ಮೂರು ಹೆಣ್ಣು. ಸಾವಾದ ಮನೆಯಲ್ಲಿ ಈ ಅಧ್ಯಾಯ ಓದುವವರು ಇಲ್ಲಿ ನಿಧಾನಿಸಬೇಕು. ಸತ್ತವರಿಗೆ ಬದಲಿ ಸಿಗುತ್ತದೆಂದು ಅಲ್ಲಿ ಬರೆದಿಲ್ಲ.

ಪ್ರಶ್ನೆ: ಈಗ ಪುನರ್ವಸತಿ ಮನೆಯಲ್ಲಿದ್ದೇವೆ. ಇಲ್ಲೇ ಬೇರುಬಿಟ್ಟರೆ, ನಮ್ಮ ಜಾಗಕ್ಕೆ ದೇವರು ಮರಳಿ ಕರೆದೊಯ್ಯುವರೆಂಬ ನಂಬಿಕೆ ಬಿಟ್ಟಂತಾಗುವುದೇ?
– ಓದುಗರು, ಜಂಬೂರು

ಉತ್ತರ: ಇಲ್ಲ. ಯೆರೆಮೀಯ 29, ಯೆರೂಸಲೇಮಿನಿಂದ ಬಾಬೆಲಿಗೆ ಸೆರೆಹೋದವರಿಗೆ ಪ್ರವಾದಿ ಯೆರೆಮೀಯ ಬರೆದ ಕಾಗದ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಫಲ ತಿನ್ನಿ, ಇರುವ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದು ಅದರಲ್ಲಿದೆ. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದಿದ್ದವನು ಹನನ್ಯ (28ನೇ ಅಧ್ಯಾಯ), ಅದು ಸುಳ್ಳಾಯಿತು. ಯೆರೆಮೀಯ ಹೇಳಿದ್ದು ಎಪ್ಪತ್ತು ವರ್ಷ. ಕ್ಯಾಲೆಂಡರಿನಲ್ಲಿ ಅಚ್ಚಾಗುವ 29:11ರ ಹಿಂದಿನ ವಚನದಲ್ಲೇ ಆ ಎಪ್ಪತ್ತು ಇದೆ. ಅದನ್ನು ಯಾರೂ ಅಚ್ಚು ಹಾಕಿಸುವುದಿಲ್ಲ!

ಇದೇ ಯೆರೆಮೀಯ, ಬಾಬೆಲಿನ ಸೈನ್ಯ ಯೆರೂಸಲೇಮನ್ನು ಮುತ್ತಿದ್ದಾಗ, ತಾನೂ ಕಾವಲಿನಲ್ಲಿದ್ದುಕೊಂಡು ಅನಾತೋತಿನ ಹೊಲವನ್ನು 17 ಶೆಕೆಲ್ ಬೆಳ್ಳಿಗೆ ಕೊಂಡ (ಅಧ್ಯಾಯ 32). ಕ್ರಯಪತ್ರ ಬರೆದು, ಸಾಕ್ಷಿ ಹಾಕಿಸಿ, ಬೆಳ್ಳಿ ತೂಗಿಕೊಟ್ಟು, ಮುದ್ರೆ ಹಾಕಿದ ಪತ್ರವನ್ನೂ ತೆರೆದ ಪ್ರತಿಯನ್ನೂ ಮಣ್ಣಿನ ಪಾತ್ರೆಯಲ್ಲಿಡಲು ತನ್ನ ಬರಹಗಾರ ಬಾರೂಕನಿಗೆ ಹೇಳಿದ. ಬಹುಕಾಲ ಕೆಡದಿರಲಿ ಎಂದು. ಹೊಸ ಅಂಗಳದಲ್ಲಿ ಗಿಡ ನೆಡಿ, ಹಳೆಯ ಜಾಗದ ಪಹಣಿ, ಹಕ್ಕುಪತ್ರಗಳನ್ನೂ ಜೋಪಾನವಾಗಿಡಿ. ಒಂದು ಮಾಡಿದರೆ ಇನ್ನೊಂದನ್ನು ಬಿಡಬೇಕೆಂದಿಲ್ಲ.

ಪ್ರಶ್ನೆ: ಸೆರೆ ಮತ್ತು ಮರಳುವಿಕೆಯನ್ನು ನಮ್ಮ ಅಧ್ಯಯನ ಕೂಟದಲ್ಲಿ ಯಾವ ಕ್ರಮದಲ್ಲಿ ಓದಬೇಕು? ಎಜ್ರ 4ಕ್ಕೆ ಬಂದಾಗ ಎಲ್ಲ ಗೋಜಲಾಗುತ್ತದೆ.
– ಓದುಗರು, ಸೋಮವಾರಪೇಟೆ

ಉತ್ತರ: 2 ಅರಸು 25, ಪ್ರಲಾಪ, ಯೆರೆಮೀಯ 29 ಮತ್ತು 32, ಯೆಹೆಜ್ಕೇಲ 37, ಆಮೇಲೆ ಎಜ್ರ. ಪ್ರಲಾಪವನ್ನು ಹಾರಿಸಬೇಡಿ; ಅಳದೆ ಸೀದಾ ಬಿಡುಗಡೆಗೆ ಹೋದ ಕೂಟಕ್ಕೆ ಎಜ್ರ 3:12ರಲ್ಲಿ ಮುದುಕರು ಯಾಕೆ ಅತ್ತರೆಂದು ತಿಳಿಯುವುದಿಲ್ಲ. ಮೊದಲ ಆಲಯವನ್ನು ಕಂಡಿದ್ದವರು ಅವರು.

ಗೋಜಲಿಗೆ ಕಾರಣ 4:6–23. ಅಲ್ಲಿ ಕಥೆ ಪರ್ಷಿಯದ ಮುಂದಿನ ರಾಜರಾದ ಅಹಷ್ವೇರೋಷ, ಅರ್ತಷಸ್ತರ ಕಾಲಕ್ಕೆ ಜಿಗಿದು, 24ರಲ್ಲಿ ದಾರ್ಯಾವೆಷನ ಕಾಲಕ್ಕೆ ಹಿಂದಿರುಗುತ್ತದೆ. ಆ ಭಾಗವನ್ನು ಬದಿಗಿಟ್ಟು 4:5ರಿಂದ ನೇರ 4:24ಕ್ಕೆ ಬನ್ನಿ, ಅಲ್ಲಿ ಹಗ್ಗಾಯ ಮತ್ತು ಜೆಕರ್ಯ 1–8 ಸೇರಿಸಿ, ಬಳಿಕ ಎಜ್ರ 5–6. ಬಿಟ್ಟ ವಚನಗಳನ್ನು ನೆಹೆಮೀಯ 1ಕ್ಕೆ ಮೊದಲು ಓದಿ.

ಇಸವಿಗಳನ್ನು ಗೋಡೆಗೆ ಅಂಟಿಸಿಡಿ: ಕ್ರಿ.ಪೂ. 586 ಆಲಯದ ನಾಶ, 538 ಮರಳಿ ಹೋಗಲು ಪರ್ಷಿಯದ ರಾಜ ಕೋರೆಷನ ಅಪ್ಪಣೆ, 520 ನಿಂತ ಕೆಲಸ ಮತ್ತೆ ಶುರು, 515 ಆಲಯ ಪೂರ್ಣ, 445 ನೆಹೆಮೀಯ ಕಟ್ಟಿಸಿದ ಯೆರೂಸಲೇಮಿನ ಗೋಡೆ. ಮರಳಿದವರು ಮೊದಲು ಕಟ್ಟಿದ್ದು ಬಲಿಪೀಠ ಮಾತ್ರ; ಆಲಯದ ಅಸ್ತಿವಾರ ಮರುವರ್ಷ. ಗೋಡೆ 52 ದಿನದಲ್ಲಿ ಎದ್ದಿತು ಎಂದು ಉತ್ಸಾಹದಿಂದ ಹೇಳುವವರಿಗೆ, ಅದಕ್ಕೆ ಮುಂಚಿನ ತೊಂಬತ್ತು ಚಿಲ್ಲರೆ ವರ್ಷಗಳನ್ನೂ ತೋರಿಸಿ. ಎಜ್ರ 1–6ಕ್ಕೇ ನಾಲ್ಕು ಸಂಜೆ ಬೇಕು, ಅವಸರ ಬೇಡ.