ಗೋಪುರ ಬಿಡಿ, ತೊಲೆ ಹಿಡಿಯಿರಿ

ನಮಸ್ಕಾರ,

ನಿಮ್ಮ ‘ವಿಜ್ಞಾನ ಹುಟ್ಟಿದ ಕಥೆ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಗೆ ಹಾಕಲು ಆಗುವುದಿಲ್ಲ. ಆದರೆ ಹರಿದು ಬಿಸಾಡಬೇಡಿ.

ನೀವು ಪೀಸಾದ ವಾಲಿದ ಗೋಪುರದಿಂದ ಶುರು ಮಾಡಿದ್ದೀರಿ. ಗೆಲಿಲಿಯೋ ಬೇರೆ ಬೇರೆ ತೂಕದ ಎರಡು ಗುಂಡು ಬಿಟ್ಟ, ಎರಡೂ ಒಟ್ಟಿಗೆ ಬಿದ್ದವು, ಕೆಳಗೆ ನಿಂತ ಪಂಡಿತರು ಬೆಪ್ಪಾದರು. ಓದಲು ಮಜವಾಗಿದೆ. ಆದರೆ ಗೆಲಿಲಿಯೋ ತನ್ನ ಪುಸ್ತಕಗಳಲ್ಲಿ ಇದನ್ನು ಹೇಳಿಕೊಂಡೇ ಇಲ್ಲ. ಬರೆದವನು ಅವನ ಶಿಷ್ಯ ವಿವಿಯಾನಿ, ಅದೂ ಗುರು ತೀರಿಕೊಂಡು ಹತ್ತು ವರ್ಷ ದಾಟಿದ ಮೇಲೆ. ನಡೆದಿರಬಹುದು, ಇಲ್ಲದೆಯೂ ಇರಬಹುದು. ನೀವು ಮಾತ್ರ ಪಕ್ಕದಲ್ಲೇ ನಿಂತು ನೋಡಿದ ಹಾಗೆ ಬರೆದಿದ್ದೀರಿ, ಗಾಳಿಗೆ ಅವನ ಗಡ್ಡ ಅಲ್ಲಾಡಿದ್ದೂ ಸೇರಿ!

ಮೂರನೇ ಪುಟದಲ್ಲಿ ಒಂದು ಸಾಲಿದೆ: ‘ಇಳಿಜಾರಿನಲ್ಲಿ ಚೆಂಡು ಉರುಳಿಸಿಯೂ ನೋಡಿದ.’ ಸ್ವಾಮಿ, ನಿಮ್ಮ ಲೇಖನ ಇರುವುದೇ ಅಲ್ಲಿ.

ನೆಟ್ಟಗೆ ಬೀಳುವ ಗುಂಡನ್ನು ಅಳೆಯುವುದು ಹೇಗೆ? ಕಣ್ಣು ಮಿಟುಕಿಸುವಷ್ಟರಲ್ಲಿ ಬಿದ್ದಿರುತ್ತದೆ. ಅದಕ್ಕೇ ಇಳಿಜಾರು. ಸುಮಾರು 7 ಮೀಟರ್ ಉದ್ದದ ಮರದ ತೊಲೆ, ಅದರಲ್ಲಿ ಬೆರಳಗಲದ ತೋಡು, ತೋಡಿನೊಳಗೆ ನುಣ್ಣನೆಯ ಚರ್ಮ ಅಂಟಿಸಿದೆ. ಉರುಳುವುದು ಕಂಚಿನ ಗುಂಡು. ಸೆಕೆಂಡು ತೋರಿಸುವ ಗಡಿಯಾರ ಅವನ ಹತ್ತಿರ ಎಲ್ಲಿತ್ತು? ದೊಡ್ಡ ಪಾತ್ರೆಗೆ ನೀರು ತುಂಬಿ, ತಳಕ್ಕೆ ಸಣ್ಣ ಕೊಳವೆ ಹಾಕಿದ. ಗುಂಡು ಹೊರಟಾಗ ನೀರು ಲೋಟಕ್ಕೆ ಬೀಳಬೇಕು, ಗುಂಡು ತಲುಪಿದಾಗ ನಿಲ್ಲಬೇಕು. ಆಮೇಲೆ ಆ ನೀರನ್ನು ತಕ್ಕಡಿಗೆ ಹಾಕಿದ. ಹೊತ್ತನ್ನು ತೂಗಿದ, ಅಲ್ವಾ! ಕಾಲು ಭಾಗದ ದೂರಕ್ಕೆ ಅರ್ಧದಷ್ಟು ನೀರು ಬಂತು. ಅಂದರೆ ಹೊತ್ತು ಎರಡರಷ್ಟಾದರೆ ದೂರ ನಾಲ್ಕರಷ್ಟು. ನೂರು ಸಲ ಮಾಡಿ ನೋಡಿದೆ ಎನ್ನುತ್ತಾನೆ. ಇದೆಲ್ಲ ಅಚ್ಚಾದದ್ದು 1638ರಲ್ಲಿ, ಹಾಲೆಂಡಿನ ಲೈಡನ್ನಿನಲ್ಲಿ. 1633ರಲ್ಲಿ ಚರ್ಚ್ ನಡೆಸಿದ ವಿಚಾರಣೆಯ ನಂತರ ಅವನು ಇಟಲಿಯಲ್ಲಿ ಗೃಹಬಂಧನದಲ್ಲಿದ್ದ.

ಇನ್ನೊಂದು ಮಾತು. ಭಾರದ ವಸ್ತು ಬೇಗ ಬೀಳುತ್ತದೆ ಎಂದ ಗ್ರೀಕ್ ಪಂಡಿತ ಅರಿಸ್ಟಾಟಲನನ್ನು ‘ಮೂಢ’ ಎಂದಿದ್ದೀರಿ. ಎಲೆಗಿಂತ ಕಲ್ಲು ಬೇಗ ಬೀಳುವುದು ಯಾರಿಗೂ ಕಾಣುತ್ತದೆ. ವಸ್ತು ಯಾಕೆ ಬೀಳುತ್ತದೆ ಎಂದು ಅವನು ಕೇಳಿದ. ಗೆಲಿಲಿಯೋ ಅದನ್ನು ಪಕ್ಕಕ್ಕಿಟ್ಟು, ಎಷ್ಟು ಹೊತ್ತಿಗೆ ಎಷ್ಟು ದೂರ ಎಂದು ಕೇಳಿದ. ತಿರುವು ಅದು. ‘ಅಜ್ಞಾನದ ಕತ್ತಲು’ ಆರು ಸಲ ಬಂದಿದೆ, ಆರನ್ನೂ ತೆಗೆಯಿರಿ. ದೂರದರ್ಶಕ ಕಂಡುಹಿಡಿದವನೂ ಗೆಲಿಲಿಯೋ ಅಲ್ಲ. 1608ರಲ್ಲೇ ಹಾಲೆಂಡಿನಲ್ಲಿ ಬಂದಿತ್ತು, ಇವನು ಸುಧಾರಿಸಿದ.

ಮನೆಯಲ್ಲಿ ಉದ್ದನೆಯ ಹಲಗೆ, ಒಂದು ಗೋಲಿ ಇದ್ದರೆ ಮೊದಲು ನೀವೇ ಉರುಳಿಸಿ ನೋಡಿ. ಆಮೇಲೆ ಬರೆದು ಕಳಿಸಿ. ನಿಮ್ಮ ಲೋಟಕ್ಕೆ ಎಷ್ಟು ನೀರು ಬಂತು ಅನ್ನುವುದೂ ಅದರಲ್ಲಿರಲಿ.

ಇಂತಿ,
ಸಂಪಾದಕ