ಆಯಿ ಸುಮ್ಮನೆ ಹರಟುತ್ತಿಲ್ಲ, ಮಾಸ್ತರೇ

ಬಾಗಲಕೋಟೆಯ ನವನಗರದಿಂದ ನಿವೃತ್ತ ಮಾಸ್ತರರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ.

“ಮೊಮ್ಮಗನಿಗೆ ಮೊನ್ನೆ ಆರು ತಿಂಗಳು ತುಂಬಿತು. ಬಾಣಂತನ ಮುಗಿಸಿಕೊಂಡು ಸೊಸೆ, ಕೂಸು ಬಂದು ಹದಿನೈದು ದಿನವಾಯಿತು. ಮೊಬೈಲಿನ ಆ್ಯಪ್ ಪ್ರಕಾರ ಕೂಸು ಇಷ್ಟೊತ್ತಿಗೆ ಕೂಡಬೇಕಿತ್ತಂತೆ, ಕೂತಿಲ್ಲ ಎಂದು ಸೊಸೆಗೆ ಚಿಂತೆ. ಮಗ ದಿನಾ ಒಂದು ತಾಸು ಇಂಗ್ಲಿಷ್ ರೈಮ್ಸ್ ಹಚ್ಚಿ ಮೊಬೈಲನ್ನು ಕೂಸಿನ ಎದುರಿಗಿಡುತ್ತಾನೆ. ನಮ್ಮ ಮನೆಯವರಂತೂ ಮುಂಜಾನೆಯಿಂದ ಸಂಜೆವರೆಗೆ ಅದರ ಜೊತೆ ಹರಟುತ್ತಾರೆ. ಮಾತು ಬಾರದ ಕೂಸಿಗೆ ಏನು ತಿಳಿದೀತು ಎಂದು ನಾನು ನಗುತ್ತೇನೆ. ಮೂವತ್ತು ವರ್ಷ ಕನ್ನಡ ಕಲಿಸಿದವನು ನಾನು. ಇವನಿಗೆ ಪಾಠ ಯಾವಾಗ ಶುರು ಮಾಡಲಿ? ಒಂದು ವಾಕರ್ ತರಬೇಕೆಂದಿದ್ದೇವೆ, ತರಬಹುದೇ?”

ಮೊದಲು ಸೊಸೆಯ ಚಿಂತೆ. ಚಿಂತೆ ಮಾಡಿದ್ದು ತಪ್ಪಲ್ಲ, ಆದರೆ ಆ ಆ್ಯಪ್‌ಗೆ ಅವಸರ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ನಾರ್ವೆ, ಓಮನ್, ಅಮೆರಿಕ ಈ ಐದು ದೇಶಗಳ ಆರೋಗ್ಯವಂತ ಕೂಸುಗಳನ್ನು ತಿಂಗಳುಗಟ್ಟಲೆ ಗಮನಿಸಿ 2006ರಲ್ಲಿ ಒಂದು ಲೆಕ್ಕ ಕೊಟ್ಟಿತು. ಆಧಾರವಿಲ್ಲದೆ ಕೂಡುವುದು 3.8 ತಿಂಗಳಿಗೂ ಆಗಬಹುದು, 9.2 ತಿಂಗಳಿಗೂ ಆಗಬಹುದು. ಅಂಬೆಗಾಲಿಗೆ 5.2ರಿಂದ 13.5 ತಿಂಗಳು. ನೂರಕ್ಕೆ ನಾಲ್ಕರಷ್ಟು ಕೂಸುಗಳು ಅಂಬೆಗಾಲು ಇಡಲೇ ಇಲ್ಲ, ಆದರೂ ನಡೆದವು. ಕುತ್ತಿಗೆ ನಿಂತಿಲ್ಲ, ಸಪ್ಪಳಕ್ಕೆ ತಿರುಗುವುದಿಲ್ಲ, ಒಂದೇ ಕೈ ಆಡಿಸುತ್ತದೆ, ಕಲಿತದ್ದನ್ನು ಬಿಟ್ಟುಬಿಟ್ಟಿದೆ ಅನಿಸಿದರೆ ಮಾತ್ರ ತಡಮಾಡದೆ ಮಕ್ಕಳ ಡಾಕ್ಟರ ಹತ್ತಿರ ಹೋಗಬೇಕು. ಆಗ ಮುತ್ಯಾ, ಆಯಿ ‘ನಮ್ಮ ಕಾಲದಾಗ ಹಿಂಗಿರಲಿಲ್ಲ’ ಎಂದು ಅಡ್ಡ ಬರಬಾರದು. ಇಷ್ಟರಲ್ಲಿ ನಾನು ಸೊಸೆಯ ಕಡೆ.

ಈಗ ನಿಮ್ಮ ನಗುವಿಗೆ ಬರುತ್ತೇನೆ. ಕಾಗದದಲ್ಲಿ ಆ ಸಾಲು ಓದಿದಾಗ ಚಹಾದ ಕಪ್ಪು ಕೆಳಗಿಟ್ಟೆ. ಮಾಸ್ತರೇ, ನಿಮ್ಮ ಮನೆಯಲ್ಲಿ ಈಗ ಪಾಠ ಹೇಳುತ್ತಿರುವವರು ಒಬ್ಬರೇ, ನೀವು ನಗುತ್ತಿರುವುದು ಅವರನ್ನೇ.

ಹೋದ ಶ್ರಾವಣದಲ್ಲಿ ಬೆಳಗಾವಿಯ ಶಹಾಪುರದಲ್ಲಿ ನಮ್ಮ ದೊಡ್ಡವ್ವನ ಮಗಳ ಮನೆಗೆ ಹೋಗಿದ್ದೆ. ಅಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕೌದಿಯ ಮೇಲೆ ಆರೂವರೆ ತಿಂಗಳ ಮೊಮ್ಮಗಳು, ಎರಡೂ ಕೈ ನೆಲಕ್ಕೆ ಊರಿ ಕಪ್ಪೆಯಂತೆ ಕೂತಿತ್ತು. ಒಂದು ಸ್ಟೀಲಿನ ಚಮಚೆ ಸಿಕ್ಕಿತು. ಬಲಗೈಯಿಂದ ಎಡಗೈಗೆ, ಎಡಗೈಯಿಂದ ಬಾಯಿಗೆ, ಮತ್ತೆ ಬಲಗೈಗೆ. ಅಷ್ಟರಲ್ಲಿ ತೋಲ ತಪ್ಪಿ ಪಕ್ಕಕ್ಕೆ ಉರುಳಿತು. ಅಕ್ಕ ತಿರುಗಿ ನೋಡಿ, “ಬಿದ್ದೇನ ನನ್ನವ್ವಾ? ಚಮಚಾ ಬಿತ್ತೇನ? ರೊಟ್ಟಿ ಬೇಕೇನ?” ಎಂದು ಕೇಳಿ ಸುಮ್ಮನಾದಳು. ರೊಟ್ಟಿಯ ಕೈಯೂ ನಿಂತಿತು. ಕೂಸು ಅವಳ ಬಾಯನ್ನೇ ನೋಡಿ, ಜೊಲ್ಲು ಸುರಿಸುತ್ತ “ಬ್ಬ ಬ್ಬ ಬ್ಬ” ಅಂದಿತು. “ಹೌದೌದ, ನಿಮ್ಮಪ್ಪನೂ ಹಿಂಗ ಅಂತಿದ್ದ” ಎಂದು ಅಕ್ಕ ಮತ್ತೆ ಬಡಿಯತೊಡಗಿದಳು. ನನಗೆ ಅವಳ ಮಾತಿಗಿಂತ ಆ ಸುಮ್ಮನಿದ್ದ ಗಳಿಗೆ ನೆನಪಿದೆ. ಕೂಸಿನ ಸರದಿಗೆ ಜಾಗ ಬಿಟ್ಟಿದ್ದಳು. ನಿಮ್ಮ ಮಗನ ಮೊಬೈಲು ಎಂದಾದರೂ ಹಾಗೆ ಕಾದಿದೆಯೇ?

‘ಏನು ತಿಳಿದೀತು’ ಎಂದು ಕೇಳಿದಿರಿ. 2012ರಲ್ಲಿ ಅಮೆರಿಕದ ಎಲಿಕಾ ಬರ್ಗೆಲ್ಸನ್, ಡೇನಿಯಲ್ ಸ್ವಿಂಗ್ಲಿ ಇದನ್ನೇ ಪರೀಕ್ಷೆ ಮಾಡಿದರು. ಆರರಿಂದ ಒಂಬತ್ತು ತಿಂಗಳ ಕೂಸುಗಳ ಮುಂದೆ ಚಿತ್ರಗಳನ್ನಿಟ್ಟು, ಹೆತ್ತವರಿಂದ ತಿನಿಸಿನ ಹೆಸರು, ಮೈಯ ಭಾಗಗಳ ಹೆಸರು ಹೇಳಿಸಿದರು. ಕೂಸುಗಳ ಕಣ್ಣು ಹೆಸರು ಹೇಳಿದ ಚಿತ್ರದ ಕಡೆಗೇ ಹೆಚ್ಚು ಹೋಯಿತು. ಬಾಯಿಗೆ ಬಾರದ ಮಾತು ಕಿವಿಯಲ್ಲಿ ಆಗಲೇ ಕೂತಿತ್ತು.

ಇನ್ನೊಂದು ಪ್ರಯೋಗವಂತೂ ಕನ್ನಡ ಮಾಸ್ತರರಿಗೆಂದೇ ಮಾಡಿದಂತಿದೆ. ಕೆನಡಾದ ಜಾನೆಟ್ ವರ್ಕರ್, ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ್ದು. ಇಂಗ್ಲಿಷ್ ಮನೆಯ ಕೂಸುಗಳಿಗೆ ಹಿಂದಿಯ ‘ತ’ ಮತ್ತು ‘ಟ’ ಕೇಳಿಸಿದರು. ದನಿ ಬದಲಾದಾಗ ತಲೆ ತಿರುಗಿಸಿದರೆ ಪೆಟ್ಟಿಗೆಯೊಳಗಿನ ಗೊಂಬೆ ಕುಣಿಯುತ್ತಿತ್ತು. ಆರರಿಂದ ಎಂಟು ತಿಂಗಳ ಕೂಸುಗಳಲ್ಲಿ ಹೆಚ್ಚಿನವು ತಲೆ ತಿರುಗಿಸಿದವು. ಹತ್ತರಿಂದ ಹನ್ನೆರಡು ತಿಂಗಳಿನವುಗಳಲ್ಲಿ ಕೆಲವೇ ಕೂಸುಗಳಿಗೆ ಅದು ಸಾಧ್ಯವಾಯಿತು. ಮನೆಯಲ್ಲಿ ಕೇಳದ ಭೇದವನ್ನು ಕಿವಿ ನಾಲ್ಕೇ ತಿಂಗಳಲ್ಲಿ ಬಿಟ್ಟುಕೊಟ್ಟಿತ್ತು. ‘ಮುತ್ತು’ ಬೇರೆ, ‘ಮುಟ್ಟು’ ಬೇರೆ ಎಂದು ನೀವು ಮೂವತ್ತು ವರ್ಷ ಹಲಗೆಯ ಮೇಲೆ ಬರೆದಿರಿ. ಅದಕ್ಕೆ ಬುನಾದಿ ಬಿದ್ದದ್ದು ನಿಮ್ಮ ಶಾಲೆಯಲ್ಲಲ್ಲ, ಯಾವುದೋ ಆಯಿಯ ತೊಡೆಯ ಮೇಲೆ.

ಮಗನ ಪರವಾಗಿಯೂ ಒಂದು ಮಾತು ಹೇಳಬೇಕಲ್ಲ. ಇಂಗ್ಲಿಷು ಬೇಕು, ಬೇಡವೆನ್ನುವಷ್ಟು ಹಟಮಾರಿ ನಾನಲ್ಲ. ಎರಡು ಭಾಷೆ ಕೂಸಿಗೆ ಭಾರವೂ ಅಲ್ಲ. ಶಹಾಪುರದ ಆ ಮನೆಯಲ್ಲೇ ಕಿಟಕಿಯಾಚೆಯಿಂದ ಮರಾಠಿ ಮಾವಶಿ “ಕಾಯ್ ರೇ ಬಾಳಾ” ಎಂದರೆ ಕೂಸು ಅತ್ತಲೂ ನಗುತ್ತಿತ್ತು. ಬೆಳಗಾವಿಯ ದೊಡ್ಡವರ ಜಗಳ ಅದಕ್ಕಿನ್ನೂ ಗೊತ್ತಿಲ್ಲ. ಆದರೆ ಭಾಷೆ ಮನುಷ್ಯರ ಬಾಯಿಂದ ಬರಬೇಕು. ಸಿಯಾಟಲ್‌ನಲ್ಲಿ ಪೆಟ್ರೀಷಿಯಾ ಕುಲ್ ಮತ್ತು ಸಂಗಡಿಗರು ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ ಹನ್ನೆರಡು ಸಲ ಚೀನೀ ಭಾಷೆ ಕೇಳಿಸಿದರು. ಎದುರಿಗೆ ಕೂತು ಆಡಿಸಿದವರಿಂದ ಕೇಳಿದ ಕೂಸುಗಳು ಆ ಭಾಷೆಯ ದನಿಭೇದ ಹಿಡಿದವು. ಅದೇ ಮಾತು, ಅದೇ ಜನ ಟಿ.ವಿ.ಯಲ್ಲಿ ಬಂದಾಗ ಕೂಸುಗಳು ಕಲಿತದ್ದು ಸೊನ್ನೆ. ಇದು 2003ರ ಮಾತು. ಒಂದು ವರ್ಷದೊಳಗಿನ ಕೂಸಿಗೆ ಪರದೆಯೇ ಬೇಡ ಎಂದು 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿತು. ನಿಮ್ಮ ಮಗನಿಗೆ ಇಂಗ್ಲಿಷ್ ಮೇಲೆ ಅಷ್ಟು ಪ್ರೀತಿಯಿದ್ದರೆ ಆ ಒಂದು ತಾಸು ತಾನೇ ಕೂತು ಇಂಗ್ಲಿಷಿನಲ್ಲಿ ಕೂಸಿನ ಜೊತೆ ಹರಟಲಿ. ಹತ್ತು ನಿಮಿಷಕ್ಕೆ ಕನ್ನಡಕ್ಕೆ ಬರದಿದ್ದರೆ ಕೇಳಿ.

ತಪ್ಪು ಅವನೊಬ್ಬನದೂ ಅಲ್ಲ. 1982ರಲ್ಲಿ ಗೋಕಾಕ ಚಳವಳಿಯ ಮೆರವಣಿಗೆಯಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡವರಲ್ಲಿ ನಾನೂ ಒಬ್ಬ, ನಿಮ್ಮ ವಯಸ್ಸು ನೋಡಿದರೆ ನೀವೂ ಇದ್ದೀರಿ. ಶಾಲೆಯಲ್ಲಿ ಕನ್ನಡ ಬೇಕೆಂದೆವು. ಆಮೇಲೆ ನಮ್ಮ ಮಕ್ಕಳಿಗೆ “ಆ್ಯಪಲ್ ತಿನ್ನು, ಹ್ಯಾಂಡ್ ತೊಳಿ” ಎಂದವರೂ ನಾವೇ. ಈಗ ಟಿ.ವಿ.ಯಲ್ಲಿ ವಾರ್ತೆ ಓದುವವರು ‘ಹಳ್ಳಿ’ಯನ್ನು ‘ಹಲ್ಲಿ’ ಮಾಡಿದಾಗ ನನಗೆ ಕಾಗದ ಬರೆಯುತ್ತೀರಿ. ಆ ‘ಳ’ ತಪ್ಪಿದ್ದು ಸ್ಟುಡಿಯೋದಲ್ಲಿ ಅಂದುಕೊಂಡಿರೇನು?

ಮನೆಗಳೂ ಹಾಗೇ ಆದವು. ಆಲಮಟ್ಟಿಯ ಹಿನ್ನೀರಿಗೆ ಹಳೇ ಬಾಗಲಕೋಟೆಯ ಓಣಿಗಳು ಹೋದವು, ನವನಗರಕ್ಕೆ ಸೆಕ್ಟರ್ ಬಂದವು. ಹಳೇ ಮನೆಯ ಪಡಸಾಲೆಯಲ್ಲಿ ಕೂಸು ಬೋರಲು ಬಿದ್ದಿದ್ದರೆ ಹೋಗುವವರು ಬರುವವರೆಲ್ಲ ಒಂದು ಮಾತು ಆಡಿಸಿ ಹೋಗುತ್ತಿದ್ದರು. ಹಾಲಿನವ, ಬಳೆಗಾರ, ದಾರಿ ಕೇಳಲು ಬಂದವ. ಆರು ತಿಂಗಳ ನಂತರ ಕೂಸು ಹೊಸ ಮುಖ ಕಂಡು ಅಳುವುದು ಸಹಜ, ಅಳುತ್ತಲೇ ಆಯಿಯ ಹೆಗಲ ಮೇಲಿಂದ ಇಣುಕುವುದೂ ಸಹಜ. ಈಗ ಬಾಗಿಲು ಮುಚ್ಚಿದ ಮನೆಯಲ್ಲಿ ಅಳುವುದಕ್ಕಾದರೂ ಯಾರು ಬರಬೇಕು? ಪಾರ್ಸೆಲ್ ತಂದವನು ಒಟಿಪಿ ಕೇಳಿ ಹೋಗುತ್ತಾನೆ.

ಪಾಠ ಯಾವಾಗ ಶುರು ಮಾಡಲಿ ಎಂದಿರಲ್ಲ, ಪುಸ್ತಕ ಸದ್ಯ ಕಪಾಟಿನಲ್ಲೇ ಇರಲಿ. ಕೂಸಿನ ಮುಂದೆ ನೆಲದ ಮೇಲೆ ಕೂಡ್ರಿ, ಮೊಣಕಾಲು ಬಿಟ್ಟರೆ. ಅದು ‘ಬ್ಬ’ ಅಂದರೆ ನೀವೂ ‘ಬ್ಬ’ ಅನ್ರಿ. ಮೂವತ್ತು ವರ್ಷದ ಮಾಸ್ತರಿಕೆಯಲ್ಲಿ ಹುಡುಗರಿಗೆ ‘ಸುಮ್ಮನಿರ್ರಿ’ ಎಂದದ್ದೇ ಹೆಚ್ಚಿರಬೇಕು, ಈಗ ಸರದಿ ತಿರುಗಿದೆ.

ವಾಕರ್ ಬೇಡ. ಅದರಲ್ಲಿ ಕೂತ ಕೂಸು ಬೇಗ ನಡೆಯುವುದಿಲ್ಲ. ಗಾಲಿ ಜಾರಿ ಮೆಟ್ಟಿಲ ಮೇಲಿಂದ ಉರುಳಿದರೆ ತಲೆಗೇ ಪೆಟ್ಟು. ಕೆನಡಾ ಅದರ ಮಾರಾಟವನ್ನೇ 2004ರಲ್ಲಿ ನಿಷೇಧಿಸಿತು. ಆ ದುಡ್ಡಿಗೆ ನಿಮ್ಮ ಮನೆಯವರ ಹಳೇ ಇಳಕಲ್ ಸೀರೆ ಎರಡು ಸೇರಿಸಿ ಒಂದು ದಪ್ಪ ಕೌದಿ ಹೊಲಿಸಿರಿ. ನವನಗರದ ಟೈಲ್ಸ್ ನೆಲ ಬಲು ಜಾರುತ್ತದೆ.

— ಸಂಪಾದಕ